ನೋಟ, ದೇಹಭಾನ ಮತ್ತು ನಿಲುವು

ಭಗವದ್ಗೀತೆಯ ಆರನೆಯ ಅಧ್ಯಾಯವನ್ನು ಪಾರಾಯಣ ಮಾಡುವವರೆಲ್ಲರಿಗೂ ಅದರ ಹದಿಮೂರನೆಯ ಶ್ಲೋಕದ ಅರ್ಥವು ಪರಿಚಿತವಾದುದೇ. ಧ್ಯಾನಕ್ಕೆ ಕುಳಿತವನು ಶರೀರ, ಶಿರಸ್ಸು, ಕುತ್ತಿಗೆ ಈ ಮೂರನ್ನೂ ಒಂದೇ ನೇರದಲ್ಲಿ ಅಲುಗದಂತೆ ಇರಿಸಿಕೊಳ್ಳಬೇಕು. ದಿಕ್ಕುದಿಕ್ಕುಗಳತ್ತ ಕಣ್ಣು ಹಾಯಿಸದೆ ದೃಷ್ಟಿಯನ್ನು ಮೂಗಿನ ತುದಿಯಲ್ಲಿ ನಿಲ್ಲಿಸಬೇಕು ಎಂಬುದು ಅಲ್ಲಿಯ ವಿಧಾನ. ಉಪನಯನವಾದ ದಿನಗಳಿಂದ ಈ ಶ್ಲೋಕವನ್ನು ಹೇಳಿಕೊಂಡು ಬಂದಿದ್ದರೂ, ಅರುವತ್ತು ದಾಟುವವರೆಗೆ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಬೆನ್ನು ಕತ್ತುಗಳ ಮಾತನ್ನೂ ಕಣ್ಣಿನ ಮಾತನ್ನೂ ಭಗವಂತನು ಒಂದೇ ಶ್ಲೋಕದಲ್ಲಿ ಕೂಡಿಸಿ ಹೇಳಿದ್ದೇಕೆ?

ಈ ಪ್ರಶ್ನೆಯು ಗ್ರಂಥಾವಲೋಕನದಿಂದ ಹುಟ್ಟಿದ್ದಲ್ಲ, ಬಿದ್ದು ಪೆಟ್ಟು ಮಾಡಿಕೊಂಡದ್ದರಿಂದ ಹುಟ್ಟಿದ್ದು. ಆದುದರಿಂದ ಮೊದಲು ಆ ವೃತ್ತಾಂತವನ್ನೇ ನಿವೇದಿಸುತ್ತೇನೆ.

2023ರ ಶ್ರಾವಣ ಮಾಸದ ಒಂದು ಬೆಳಿಗ್ಗೆ. ಮುಂಬಯಿಯ ಉಪನಗರದ ನಮ್ಮ ಮನೆಯ ದೇವರ ಕೋಣೆಯಲ್ಲಿ ಪೂಜೆ ಮುಗಿಸಿ, ಕೈ ಜೋಡಿಸಿ, ಕಣ್ಣು ಮುಚ್ಚಿ ಎಂದಿನಂತೆ ಆತ್ಮಪ್ರದಕ್ಷಿಣೆ ಮಾಡುತ್ತಿದ್ದೆ. ಮೂರನೆಯ ಸುತ್ತು ಮುಗಿಯುವಷ್ಟರಲ್ಲಿ ನೆಲವೇ ಓರೆಯಾದಂತೆ ಭಾಸವಾಯಿತು. ಕಣ್ಣು ತೆರೆಯುವುದರೊಳಗೆ ಬಿದ್ದಿದ್ದೆ. ಬಲಗೈ ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರಗಳ ಕಾಲ ಆಚಮನಕ್ಕೂ ಆ ಕೈ ಒದಗಲಿಲ್ಲ. ರಕ್ತದೊತ್ತಡ, ಹೃದಯ ಎಲ್ಲವನ್ನೂ ನೋಡಿದ್ದಾಯಿತು, ದೋಷ ಕಾಣಲಿಲ್ಲ. ಕಡೆಗೆ ನರರೋಗಗಳ ತಜ್ಞೆಯೊಬ್ಬರು, ನನ್ನ ಮಗಳ ವಯಸ್ಸಿನವರು, “ಕಾಕಾ, ಎರಡೂ ಪಾದ ಜೋಡಿಸಿ ನಿಲ್ಲಿ, ಈಗ ಕಣ್ಣು ಮುಚ್ಚಿ” ಎಂದರು. ಕಣ್ಣು ತೆರೆದಿದ್ದಾಗ ಕಂಬದಂತಿದ್ದವನು, ಮುಚ್ಚಿದ ಮೂರನೆಯ ಕ್ಷಣಕ್ಕೆ ಅವರ ತೋಳಿನ ಮೇಲೆ ಒರಗಿದ್ದೆ. “ನಿಮ್ಮ ಕಾಲಿನ ಕೆಲಸವನ್ನು ಇಷ್ಟು ದಿನ ಕಣ್ಣು ಮಾಡುತ್ತಿತ್ತು” ಎಂದು ಅವರು ಹೇಳಿದರು. ಈ ಒಂದು ವಾಕ್ಯದ ವಿವರಣೆಯೇ ಪ್ರಕೃತ ಲೇಖನ.

ಮೂರು ಠಾಣೆಗಳ ವರದಿ

ನೆಟ್ಟಗೆ ನಿಲ್ಲುವುದು ಸುಲಭವೆಂದು ನಾವು ಭಾವಿಸುತ್ತೇವೆ. ವಸ್ತುತಃ ಮನುಷ್ಯ ಶರೀರವು ಎತ್ತರವಾದದ್ದು. ಅದರ ಆಧಾರವಾದರೋ ಎರಡು ಪಾದಗಳಷ್ಟೇ ಅಗಲ. ನಿಶ್ಚಲನಾಗಿ ನಿಂತಿರುವೆನೆಂದುಕೊಂಡವನೂ ಸದಾ ಸೂಕ್ಷ್ಮವಾಗಿ ಓಲಾಡುತ್ತಲೇ ಇರುತ್ತಾನೆ. ಪ್ರತಿ ಓಲಾಟವನ್ನೂ ಮಾಂಸಖಂಡಗಳು ತಿದ್ದುತ್ತಲೇ ಇರುತ್ತವೆ. ಈ ತಿದ್ದುಪಡಿಗೆ ಬೇಕಾದ ಸಮಾಚಾರವು ಮಿದುಳಿಗೆ ಮೂರು ಕಡೆಗಳಿಂದ ಬರುತ್ತದೆ.

ರೇಲ್ವೆಯಲ್ಲಿ ಸೇವೆ ಸಲ್ಲಿಸಿದವರಿಗೆ ಕಂಟ್ರೋಲ್ ಆಫೀಸಿನ ಪರಿಚಯವಿರುತ್ತದೆ. ಅಲ್ಲಿ ಕುಳಿತ ಕಂಟ್ರೋಲರ್ ಗಾಡಿಯನ್ನು ಕಣ್ಣಾರೆ ಕಾಣುವುದಿಲ್ಲ. ಒಂದೊಂದು ಠಾಣೆಯಿಂದ ಬರುವ ವರದಿಯನ್ನು ಹೊಂದಿಸಿ ನೋಡಿ ಗಾಡಿ ಎಲ್ಲಿದೆಯೆಂದು ನಿಶ್ಚಯಿಸುತ್ತಾನೆ. ಮಿದುಳಿನ ಸ್ಥಿತಿಯೂ ಹಾಗೆಯೇ.

ಮೊದಲನೆಯ ವರದಿ ಕಣ್ಣಿನದು. ಗೋಡೆ, ಬಾಗಿಲು, ದಿಗಂತ ಇವು ನೇರವಾಗಿವೆಯೇ, ನಾವು ಓಲಾಡಿದಾಗ ಅವು ಅಕ್ಷಿಪಟಲದ ಮೇಲೆ ಯಾವ ಕಡೆಗೆ ಸರಿಯುತ್ತವೆ ಎಂಬುದನ್ನು ಅದು ತಿಳಿಸುತ್ತದೆ. ಎರಡನೆಯದು ಒಳಗಿವಿಯದು. ಅಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ. ತಲೆಯು ಯಾವ ದಿಕ್ಕಿಗೆ ತಿರುಗಿದರೂ ಆ ದಿಕ್ಕಿನ ನಾಳದ ದ್ರವವು ಹಿಂದುಳಿದು ಅದನ್ನು ಸೂಚಿಸುತ್ತದೆ. ಪಕ್ಕದಲ್ಲಿರುವ ಎರಡು ಚೀಲಗಳಲ್ಲಿ ಸುಣ್ಣದ ಅತಿ ಸೂಕ್ಷ್ಮ ಹರಳುಗಳಿದ್ದು, ತಲೆಯ ಓರೆಯನ್ನೂ ಮುಂದೆ ಹಿಂದೆ ಸಾಗುವ ವೇಗದ ಬದಲಾವಣೆಯನ್ನೂ ತಿಳಿಸುತ್ತವೆ. ಮೂರನೆಯದು ದೇಹಭಾನ. ಮಾಂಸಖಂಡಗಳ ಒಳಗಿರುವ ಕದಿರಿನಾಕಾರದ ಸೂಕ್ಷ್ಮಾಂಗಗಳು, ಸ್ನಾಯುರಜ್ಜುಗಳು, ಕೀಲುಗಳು, ಅಂಗಾಲಿನ ಚರ್ಮ ಇವೆಲ್ಲವೂ ಯಾವ ಅಂಗ ಎಲ್ಲಿದೆ, ಎಷ್ಟು ಬಾಗಿದೆ, ಭಾರ ಯಾವ ಪಾದದ ಮೇಲಿದೆ ಎಂಬುದನ್ನು ಬೆನ್ನುಹುರಿಯ ಮೂಲಕ ಮೇಲಕ್ಕೆ ಕಳುಹಿಸುತ್ತವೆ. ಕಣ್ಣು ಮುಚ್ಚಿಕೊಂಡೂ ನಾವು ಬೆರಳಿನಿಂದ ಮೂಗನ್ನು ಮುಟ್ಟಬಲ್ಲೆವಾದುದು ಇದರಿಂದಲೇ. ಆಂಗ್ಲ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ ಇದಕ್ಕೆ 1906ರಲ್ಲಿ ‘ಪ್ರೊಪ್ರಿಯೊಸೆಪ್ಷನ್’ ಎಂಬ ಹೆಸರನ್ನು ಬಳಕೆಗೆ ತಂದರು. 1932ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು.

ಮೂರು ವರದಿಗಳಲ್ಲಿ ಒಂದು ತಪ್ಪಿದರೂ ಉಳಿದೆರಡು ಕೆಲಸ ನಡೆಸುತ್ತವೆ. ಎರಡು ತಪ್ಪಿದರೆ ಮನುಷ್ಯ ಬೀಳುತ್ತಾನೆ. ಜರ್ಮನಿಯ ವೈದ್ಯ ಮೊರಿಟ್ಜ್ ರೋಂಬರ್ಗ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಬೆನ್ನುಹುರಿಯ ರೋಗವುಳ್ಳವರು ಕಣ್ಣು ತೆರೆದಿರುವಾಗ ನಿಂತಿದ್ದು, ಮುಚ್ಚಿದೊಡನೆ ತೂರಾಡುವುದನ್ನು ಗುರುತಿಸಿ ಬರೆದರು. ಆ ವೈದ್ಯೆ ನನ್ನ ಮೇಲೆ ಪ್ರಯೋಗಿಸಿದ್ದು ಅವರ ಹೆಸರಿನ ಪರೀಕ್ಷೆಯನ್ನೇ. ನನ್ನಲ್ಲಿ ಕೆಟ್ಟಿದ್ದು ಬೆನ್ನುಹುರಿಯಲ್ಲ. ಹದಿನೈದು ವರ್ಷಗಳ ಮಧುಮೇಹದಿಂದ ಪಾದದ ನರಗಳು ಮಂದವಾಗಿದ್ದವು. ಶ್ರುತಿಕವೆಯನ್ನು ಮೀಟಿ ಹೆಬ್ಬೆರಳಿಗೆ ಒತ್ತಿದರೆ ಅದರ ಕಂಪನವೇ ನನಗೆ ತಿಳಿಯಲಿಲ್ಲ. ಅಂಗಾಲಿನ ವರದಿ ಮೊದಲೇ ನಿಂತಿತ್ತು. ಪೂಜೆಯ ಹೊತ್ತಿಗೆ ಕಣ್ಣಿನ ವರದಿಯನ್ನು ನಾನೇ ನಿಲ್ಲಿಸಿದೆ. ಉಳಿದದ್ದು ಒಳಗಿವಿಯೊಂದೇ. ಸುತ್ತು ತಿರುಗುತ್ತಿದ್ದಾಗ ಅದೂ ತಪ್ಪು ಹೇಳಿತು. ಏಕೆಂದರೆ ನಾವು ತಿರುಗುವುದನ್ನು ನಿಲ್ಲಿಸಿದ ಮೇಲೂ ನಾಳದೊಳಗಿನ ದ್ರವವು ಕೆಲವು ಕ್ಷಣ ಚಲಿಸುತ್ತಲೇ ಇದ್ದು, ವಿರುದ್ಧ ದಿಕ್ಕಿಗೆ ತಿರುಗಿದಂತೆ ಭ್ರಮೆಯನ್ನುಂಟುಮಾಡುತ್ತದೆ. ಮಕ್ಕಳು ಗಿರಗಿರನೆ ತಿರುಗಿ ನಿಂತು ನಗುವುದೂ ಇದರಿಂದಲೇ. ಅವರ ಕಣ್ಣು ಕಾಲುಗಳು ಗಟ್ಟಿಯಾದುದರಿಂದ ಅವರು ನಗುತ್ತಾರೆ, ನಾವು ಬೀಳುತ್ತೇವೆ.

ನಮ್ಮ ಪ್ರಮಾಣಶಾಸ್ತ್ರದಲ್ಲಿ, ದೋಷರಹಿತವಾದ ಇಂದ್ರಿಯಕ್ಕೂ ದೋಷರಹಿತವಾದ ವಿಷಯಕ್ಕೂ ಸನ್ನಿಕರ್ಷವಾದಾಗ ಮಾತ್ರ ಪ್ರತ್ಯಕ್ಷವು ಪ್ರಮಾಣವೆನಿಸುತ್ತದೆಂದು ನಿರ್ಣಯಿಸಿದ್ದಾರೆ. ಪಾಠದಲ್ಲಿ ಇದಕ್ಕೆ ಕಾಮಾಲೆ ಕಣ್ಣಿನ ಉದಾಹರಣೆ ಕೊಡುವುದು ವಾಡಿಕೆ. ಅಂಗಾಲೂ ಹೀಗೆ ಸದ್ದಿಲ್ಲದೆ ದೋಷಯುಕ್ತವಾಗಬಲ್ಲುದೆಂದು ನಾನು ಯೋಚಿಸಿರಲಿಲ್ಲ.

ಕಣ್ಣಿನ ಮಾತಿಗೆ ಹೆಚ್ಚಿನ ತೂಕ

ಮೂರು ವರದಿಗಳು ಪರಸ್ಪರ ವಿರೋಧಿಸಿದಾಗ ಮಿದುಳು ಬಹುಮಟ್ಟಿಗೆ ಕಣ್ಣನ್ನೇ ನಂಬುತ್ತದೆ. ಇದಕ್ಕೆ ನಿದರ್ಶನ ನಮ್ಮೆಲ್ಲರ ಅನುಭವದಲ್ಲೇ ಇದೆ. ಕಲ್ಯಾಣ್ ಅಥವಾ ಗುಂತಕಲ್ ನಿಲ್ದಾಣದಲ್ಲಿ ನಮ್ಮ ಗಾಡಿ ನಿಂತಿರುತ್ತದೆ. ಪಕ್ಕದ ಮಾರ್ಗದ ಗಾಡಿ ಮೆಲ್ಲನೆ ಹೊರಡುತ್ತದೆ. ಕಿಟಕಿಯಲ್ಲಿ ನೋಡುತ್ತಿರುವ ನಮಗೆ ನಾವೇ ಹೊರಟೆವೆಂಬ ದೃಢವಾದ ಅನುಭವ! ಒಳಗಿವಿಯೂ ಬೆನ್ನೂ ಅಲುಗಾಟವಿಲ್ಲವೆಂದು ಹೇಳುತ್ತಿದ್ದರೂ ಕಣ್ಣು ಗೆಲ್ಲುತ್ತದೆ. ಇನ್ನೊಂದು ಕಡೆಗೆ ತಿರುಗಿ ಪ್ಲಾಟ್‌ಫಾರಮ್ಮಿನ ಕಂಬವನ್ನು ನೋಡಿದೊಡನೆ ಭ್ರಮೆ ಹರಿಯುತ್ತದೆ. ಸ್ಥಿರವಾದುದನ್ನು ನೋಡಿದರೆ ಸ್ಥಿರತೆ, ಚಲಿಸುವುದನ್ನು ನೋಡಿದರೆ ಚಲನೆ!

ಇದು ಕೇವಲ ಭಾವನೆಯಲ್ಲ, ಶರೀರವನ್ನೇ ಬೀಳಿಸಬಲ್ಲುದು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ನೆಲ ಸ್ಥಿರವಾಗಿದ್ದು, ಗೋಡೆ ಚಾವಣಿಗಳು ಮಾತ್ರ ತೂಗಾಡುವಂಥ ಒಂದು ಕೋಣೆಯನ್ನು ನಿರ್ಮಿಸಿ, ಆಗಷ್ಟೇ ನಡೆಯಲು ಕಲಿತ ಕೂಸುಗಳನ್ನು ಅದರಲ್ಲಿ ನಿಲ್ಲಿಸಿದರು. ಗೋಡೆ ಸ್ವಲ್ಪ ಮುಂದೆ ಸರಿದರೆ ಸಾಕು, ನೆಲ ಅಲುಗದಿದ್ದರೂ ಅನೇಕ ಮಕ್ಕಳು ಓಲಾಡಿದರು, ಬಿದ್ದರು. ನಡೆಯಲು ಕಲಿಯುವವರು ಕಣ್ಣನ್ನು ಎಷ್ಟು ಅವಲಂಬಿಸುತ್ತಾರೆಂಬುದಕ್ಕೆ ಇದು ಸಾಕ್ಷಿ. ಕಾಲಿನ ಭಾನ ಕುಗ್ಗಿದ ಮುದುಕರೂ ಮತ್ತೆ ಅದೇ ಅವಸ್ಥೆಗೆ ಬರುತ್ತಾರೆ.

ಕಣ್ಣೊಂದರಿಂದಲೇ ಬದುಕಿದವರ ಕಥೆಯೂ ಉಂಟು. ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಎಂಬ ತರುಣನಿಗೆ 1971ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಜ್ವರದ ಬಳಿಕ ಕತ್ತಿನ ಕೆಳಗಿನ ಸ್ಪರ್ಶಜ್ಞಾನವೂ ದೇಹಭಾನವೂ ಹೊರಟುಹೋದವು. ಮಾಂಸಖಂಡಗಳಲ್ಲಿ ಶಕ್ತಿಯಿತ್ತು, ಆದರೆ ತನ್ನ ಕೈ ಎಲ್ಲಿದೆಯೆಂಬುದು ನೋಡಿದರಲ್ಲದೆ ತಿಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಪ್ರಯತ್ನದಿಂದ ಅವರು ಪ್ರತಿ ಅಂಗವನ್ನೂ ನೋಡಿ ನೋಡಿ ಕೂರಲು, ನಿಲ್ಲಲು, ನಡೆಯಲು ಕಲಿತರು. ದೀಪ ಆರಿದರೆ ಮಾತ್ರ ಕುಸಿದುಬೀಳುತ್ತಿದ್ದರು. ಜೊನಾಥನ್ ಕೋಲ್ ಎಂಬ ವೈದ್ಯರು 1991ರಲ್ಲಿ ಅವರ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಕತ್ತಲೆಯ ಹಾದಿ

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣವನ್ನು ಹೇಳುವುದು ಉಚಿತವೆಂದು ತೋರುತ್ತದೆ. 1991ರಲ್ಲಿ ನಮ್ಮ ತಾಯಿಯವರನ್ನು ಊರಿನಿಂದ ನನ್ನ ರೇಲ್ವೆ ಕ್ವಾರ್ಟರ್ಸಿಗೆ ಕರೆತಂದಿದ್ದೆ. ಊರಿನ ಮನೆಯಲ್ಲಿ ಐವತ್ತು ವರ್ಷ ಕತ್ತಲಲ್ಲೇ ಎದ್ದು ಬಾವಿಕಟ್ಟೆಗೆ ಹೋಗುತ್ತಿದ್ದ ಆಕೆಗೆ ಅಲ್ಲಿಯ ಹೊಸ್ತಿಲು, ಮೆಟ್ಟಿಲುಗಳೆಲ್ಲ ಕಾಲಿಗೇ ಗೊತ್ತಿದ್ದವು. ಕ್ವಾರ್ಟರ್ಸಿನಲ್ಲಿ ಒಂದು ರಾತ್ರಿ ಬಚ್ಚಲಿಗೆ ಹೋಗಲು ಎದ್ದವರು ಬಿದ್ದರು. “ದೀಪ ಹಾಕಿಕೊಳ್ಳಬಾರದೇನಮ್ಮಾ?” ಎಂದು ನಾನು ಗದರಿಸಿದೆ. “ಹುಡುಗರ ನಿದ್ದೆ ಕೆಡುತ್ತದಲ್ಲೋ” ಎಂದರು. ತೊಡೆಯ ಎಲುಬು ಮುರಿದಿತ್ತು. ಅವರು ಮತ್ತೆ ನಡೆಯಲಿಲ್ಲ. ಎಂಟು ತಿಂಗಳಿಗೆ ಹರಿಪಾದವನ್ನು ಸೇರಿದರು. ಅದು ಆಕೆಯ ಅಜಾಗರೂಕತೆಯೆಂದೇ ನಾನು ಮೂವತ್ತು ವರ್ಷ ತಿಳಿದಿದ್ದೆ. ವಯಸ್ಸಾದ ಕಾಲು ಹೊಸ ಮನೆಯಲ್ಲಿ ಕಣ್ಣನ್ನೇ ನೆಚ್ಚಿರುತ್ತದೆ, ಕಣ್ಣಿಗೆ ಬೆಳಕು ಬೇಕು ಎಂಬ ಅಲ್ಪ ವಿಷಯವು ಓದುಬರಹ ಬಲ್ಲ ಮಗನಿಗೆ ತಿಳಿದಿರಬೇಕಿತ್ತು. ನಾಲ್ಕು ರೂಪಾಯಿಯ ಚಿಕ್ಕ ಬಲ್ಬೊಂದನ್ನು ರಾತ್ರಿಯಿಡೀ ಉರಿಸಿದ್ದರೆ ಆಗುತ್ತಿತ್ತು.

ವೃದ್ಧರಾದ ತಂದೆತಾಯಿಗಳನ್ನು ಊರಿನಿಂದ ಈ ನಗರಗಳ ಫ್ಲ್ಯಾಟುಗಳಿಗೆ ಕರೆತಂದಿರುವ ಕುಟುಂಬಗಳು ನಮ್ಮಲ್ಲಿ ಅನೇಕವಿವೆ. ಅವರ ಸಲುವಾಗಿಯೇ ಇದನ್ನು ಬರೆದೆ. ಅರುವತ್ತರ ವಯಸ್ಸಿನವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಸೊಸೆಗೆ ಸಾಕಾಗುವ ಬೆಳಕು ಅತ್ತೆಗೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 6,84,000 ಜನರು ಬಿದ್ದುದರಿಂದ ಮರಣ ಹೊಂದುತ್ತಾರೆ. ಇವರಲ್ಲಿ ಅರುವತ್ತು ದಾಟಿದವರ ಪಾಲೇ ಅಧಿಕ.

ನೋಟ ಹೋದತ್ತ ತಲೆ, ತಲೆ ಹೋದತ್ತ ಬೆನ್ನು

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕಣ್ಣು ಕೇವಲ ವರದಿ ಕೊಡುವುದಲ್ಲ. ಶರೀರದ ಭಂಗಿಯನ್ನೂ ಅದೇ ನಿರ್ಧರಿಸುತ್ತದೆ.

ಓದುಗರು ಒಂದು ಚಿಕ್ಕ ಪ್ರಯೋಗವನ್ನು ಮಾಡಬಹುದು. ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬೇಗಬೇಗನೆ ಎಡಕ್ಕೂ ಬಲಕ್ಕೂ ಅಲುಗಿಸಿರಿ, ಅಕ್ಷರಗಳು ಕಲಸಿಹೋಗುತ್ತವೆ. ಈಗ ಪತ್ರಿಕೆಯನ್ನು ಸ್ಥಿರವಾಗಿಟ್ಟು ಅಷ್ಟೇ ವೇಗದಲ್ಲಿ ತಲೆಯನ್ನು ಅಲುಗಿಸಿರಿ. ಅಕ್ಷರಗಳು ಓದಲು ಬರುತ್ತವೆ. ತಲೆ ತಿರುಗಿದಾಗ ಒಳಗಿವಿಯು ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗದೊಳಗೆ ಕಣ್ಣುಗಳನ್ನು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ತಿರುಗಿಸಿ ನೋಟವನ್ನು ಕಾಯುತ್ತದೆ. ಕಣ್ಣು, ಕಿವಿ, ಕತ್ತು ಇವು ಒಂದೇ ಸರಪಳಿಯ ಕೊಂಡಿಗಳೆಂದು ಇದರಿಂದ ಸ್ಪಷ್ಟವಾಗುತ್ತದೆ.

ಅದೇ ಸರಪಳಿಯು ತಲೆಕೆಳಗಾಗಿಯೂ ಎಳೆಯುತ್ತದೆ. ನೋಡಬೇಕಾದ ವಸ್ತು ಕೆಳಗಿದ್ದರೆ ಕಣ್ಣು ಇಳಿಯುತ್ತದೆ, ಕಣ್ಣನ್ನು ತಲೆ ಹಿಂಬಾಲಿಸುತ್ತದೆ, ತಲೆಯನ್ನು ಬೆನ್ನು ಹಿಂಬಾಲಿಸುತ್ತದೆ. ತಲೆಯ ತೂಕ ಸುಮಾರು ಐದು ಕಿಲೋಗ್ರಾಂ. ಅದು ನೇರವಾಗಿದ್ದಾಗ ಬೆನ್ನೆಲುಬಿಗೆ ಅಷ್ಟೇ ಭಾರ. ಮುಂದಕ್ಕೆ 60 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಬೀಳುವ ಬಲವು ಸುಮಾರು 27 ಕಿಲೋಗ್ರಾಂ ತೂಕಕ್ಕೆ ಸಮವಾಗುತ್ತದೆಂದು ಕೆನೆತ್ ಹನ್ಸ್‌ರಾಜ್ ಎಂಬ ಅಮೆರಿಕದ ಶಸ್ತ್ರವೈದ್ಯರು 2014ರಲ್ಲಿ ಲೆಕ್ಕ ಹಾಕಿದರು. ಇದು ಗಣಿತದ ಮಾದರಿಯಿಂದ ಬಂದ ಸಂಖ್ಯೆಯೇ ಹೊರತು ಜೀವಂತ ಕತ್ತಿನಲ್ಲಿ ಅಳೆದದ್ದಲ್ಲ. ಆದರೂ ಅದರ ದಿಕ್ಕು ಸರಿಯಾದುದೇ. ಲೋಕಲ್ ಗಾಡಿಯಲ್ಲಿ ಮೊಬೈಲಿನತ್ತ ತಲೆ ತಗ್ಗಿಸಿ ನಿಂತ ನಮ್ಮ ಮಕ್ಕಳ ಕತ್ತನ್ನು ನೋಡಿದರೆ ಯಾರಿಗೂ ಇದು ತಿಳಿಯುವಂಥದು. “ನೆಟ್ಟಗೆ ಕೂರು” ಎಂದು ಮಕ್ಕಳಿಗೆ ನೂರು ಸಲ ಹೇಳಿದರೂ ಪ್ರಯೋಜನವಾಗುವುದಿಲ್ಲ. ನೋಟದ ವಸ್ತುವನ್ನು ಮೇಲಕ್ಕೆತ್ತಿದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಈಗ ಶ್ಲೋಕವನ್ನು ಸ್ಮರಿಸಿರಿ. ನೋಟವು ದಿಕ್ಕುದಿಕ್ಕಿಗೆ ಹರಿದರೆ ತಲೆ ನಿಲ್ಲದು. ತಲೆ ನಿಲ್ಲದೆ ಶರೀರ ನಿಲ್ಲದು. ಆದುದರಿಂದ ಕಾಯ, ಶಿರಸ್ಸು, ಕುತ್ತಿಗೆಗಳ ಸಮತ್ವವನ್ನು ಹೇಳಿದ ಉಸಿರಿನಲ್ಲೇ ದೃಷ್ಟಿಯ ಸ್ಥಿರತೆಯನ್ನೂ ಹೇಳಿರುವುದು ಯುಕ್ತವಾಗಿದೆ. ಶ್ಲೋಕದ ತಾತ್ಪರ್ಯವು ಚಿತ್ತವನ್ನು ಭಗವಂತನಲ್ಲಿ ನಿಲ್ಲಿಸುವುದೇ. ಅಲ್ಲಿ ವೈದ್ಯಶಾಸ್ತ್ರವನ್ನು ಹುಡುಕಿ ಹೆಮ್ಮೆಪಡುವುದು ನನ್ನ ಉದ್ದೇಶವಲ್ಲ. ಸಾಧನವಾದ ದೇಹದ ಸ್ವಭಾವವನ್ನು ಬಲ್ಲವನ ಮಾತು ಅದೆಂಬುದಷ್ಟೇ ಅಭಿಪ್ರಾಯ.

ಬ್ರಹ್ಮಸೂತ್ರಗಳ ನಾಲ್ಕನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿಯೂ ಉಪಾಸನೆಯನ್ನು ಕುಳಿತೇ ಮಾಡಬೇಕೆಂಬ ವಿಚಾರ ಬರುತ್ತದೆ. ಅಲ್ಲಿ ಶಾಂಕರಭಾಷ್ಯವು, ನಿಂತವನ ಮನಸ್ಸು ದೇಹವನ್ನು ಹಿಡಿದು ನಿಲ್ಲಿಸುವುದರಲ್ಲೇ ತೊಡಗಿರುವುದರಿಂದ ಸೂಕ್ಷ್ಮ ವಸ್ತುವನ್ನು ನೋಡಲಾರದೆಂದು ಹೇಳುತ್ತದೆ. ತತ್ತ್ವನಿರ್ಣಯದಲ್ಲಿ ನಮಗೂ ಅವರಿಗೂ ಭೇದವಿದೆ. ಈ ಲೋಕಾನುಭವದ ಮಾತಿನಲ್ಲಿ ವಿವಾದವಿಲ್ಲ. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ವೃದ್ಧರನ್ನು ನಡೆಸುತ್ತಾ ಮಾತನಾಡಿಸಿ ನೋಡಿದರು. ಉತ್ತರ ಹೇಳಲು ನಡಿಗೆಯನ್ನೇ ನಿಲ್ಲಿಸಿದವರಲ್ಲಿ ಹೆಚ್ಚಿನವರು ಮುಂದಿನ ಆರು ತಿಂಗಳಲ್ಲಿ ಬಿದ್ದರು. ನಿಲ್ಲುವುದಕ್ಕೂ ನಡೆಯುವುದಕ್ಕೂ ಮನಸ್ಸಿನ ಒಂದು ಪಾಲು ವ್ಯಯವಾಗುತ್ತದೆ, ವಯಸ್ಸಾದಂತೆ ಆ ಪಾಲು ದೊಡ್ಡದಾಗುತ್ತದೆ ಎಂಬುದೇ ಇದರ ಅರ್ಥ.

ಅನುಷ್ಠಾನಕ್ಕೆ ಕೆಲವು ಮಾತುಗಳು

1. ಆತ್ಮಪ್ರದಕ್ಷಿಣೆಯನ್ನು ನಾನೀಗ ಕಣ್ಣು ತೆರೆದೇ ಮಾಡುತ್ತೇನೆ. ಪಾದಗಳ ನಡುವೆ ಗೇಣಿನಷ್ಟು ಅಂತರ, ಕೈಗೆಟಕುವಷ್ಟು ಹತ್ತಿರದಲ್ಲಿ ಗೋಡೆ. ಕಾಲು ಸುತ್ತು ತಿರುಗಿದಾಗಲೆಲ್ಲ ಎದುರಿನ ಒಂದು ಸ್ಥಿರ ವಸ್ತುವಿನಲ್ಲಿ ನೋಟವನ್ನು ಕ್ಷಣಕಾಲ ನಿಲ್ಲಿಸಿ ಮುಂದುವರಿಯುತ್ತೇನೆ. ಇದು ಸರಿಯೇ ಎಂದು ಮಠದ ಅರ್ಚಕರನ್ನು ಕೇಳಿದಾಗ ಅವರು ನಕ್ಕು, “ರಾಯರೇ, ಇವತ್ತು ಬಿದ್ದರೆ ನಾಳೆಯ ಪೂಜೆ ಯಾರು ಮಾಡುವವರು?” ಎಂದರು. ಅಷ್ಟೂ ಆಗದವರು ಕುಳಿತು ಮನಸ್ಸಿನಲ್ಲೇ ಪ್ರದಕ್ಷಿಣೆ ಮಾಡಲಿ.

2. ಸಾಷ್ಟಾಂಗ ನಮಸ್ಕಾರದಿಂದ ಏಳುವಾಗ ಮೊದಲು ಕುಳಿತು, ಎದುರಿನ ದೀಪವನ್ನು ನೋಡಿ, ಅನಂತರ ಏಳಬೇಕು. ಮಲಗಿ ಮಗ್ಗುಲು ತಿರುಗಿದಾಗಲೆಲ್ಲ ಕೆಲವು ಕ್ಷಣ ಜಗತ್ತು ಸುತ್ತಿದಂತಾದರೆ ಒಳಗಿವಿಯ ಹರಳು ಸ್ಥಾನ ತಪ್ಪಿರಬಹುದು. ತಲೆಯನ್ನು ಕ್ರಮವಾಗಿ ತಿರುಗಿಸಿ ಸರಿಪಡಿಸುವ ವಿಧಾನ ವೈದ್ಯರಿಗೆ ಗೊತ್ತಿದೆ.

3. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಒಂದು ಮಂದದೀಪವಿರಲಿ. ಹಾದಿಯಲ್ಲಿ ಚಾಪೆ, ಚಪ್ಪಲಿ, ಫೋನಿನ ತಂತಿ ಇರದಿರಲಿ. ಹಿರಿಯರು ದೀಪ ಹಾಕಿದರೆ ಯಾರೂ ಬೇಸರಿಸದಿರಲಿ. ಇದು ಮಕ್ಕಳಿಗೆ ಹೇಳುವ ಮಾತು.

4. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಕನ್ನಡಕದವರು ಮೆಟ್ಟಿಲಿಳಿಯುವಾಗ ಕೆಳಭಾಗದ ಓದುವ ಗಾಜಿನಿಂದ ನೋಡುವುದರಿಂದ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಆಸ್ಟ್ರೇಲಿಯಾದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಕನ್ನಡಕ ಧರಿಸುವ ವೃದ್ಧರು ಬೀಳುವ ಸಂಭವ ಇತರರ ಎರಡರಷ್ಟಕ್ಕಿಂತ ಹೆಚ್ಚೆಂದು ಕಂಡಿತು. ಹೊರಗೆ ಹೆಚ್ಚಾಗಿ ಓಡಾಡುವವರು ನಡೆಯಲು ದೂರದೃಷ್ಟಿಯ ಕನ್ನಡಕವನ್ನೇ ಬೇರೆಯಾಗಿ ಇಟ್ಟುಕೊಳ್ಳುವುದು ಲೇಸು. ಮನೆಯಲ್ಲೇ ಹೆಚ್ಚಾಗಿ ಇರುವವರಿಗೆ ಈ ಬದಲಾವಣೆ ಹಿತವಾಗದೆಯೂ ಇರಬಹುದಾದುದರಿಂದ ಕಣ್ಣಿನ ವೈದ್ಯರನ್ನು ಕೇಳಿಯೇ ಮಾಡಬೇಕು.

5. ಪಾರಾಯಣದ ಪುಸ್ತಕವನ್ನು ವ್ಯಾಸಪೀಠದ ಮೇಲಿಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಆ ಪೀಠವನ್ನು ಒಂದು ಮಣೆಯ ಅಥವಾ ಚಿಕ್ಕ ಮೇಜಿನ ಮೇಲಿಟ್ಟರೆ ಕತ್ತು ಬಾಗುವುದು ತಪ್ಪುತ್ತದೆ. ಮಕ್ಕಳ ಕಂಪ್ಯೂಟರಿಗೂ ಮೊಬೈಲಿಗೂ ಇದೇ ನಿಯಮ.

6. ಮಧುಮೇಹಿಗಳು ವರ್ಷಕ್ಕೊಮ್ಮೆ ಪಾದಗಳ ಸ್ಪರ್ಶಜ್ಞಾನವನ್ನು ಪರೀಕ್ಷಿಸಿಕೊಳ್ಳಬೇಕು. ಸಕ್ಕರೆಯ ಅಂಕಿಯನ್ನು ಬಾಯಿಪಾಠ ಹೇಳುವ ನಾವು ಪಾದವನ್ನು ನೋಡುವುದೇ ಇಲ್ಲ.

7. ನಿಲುವಿನ ಅಭ್ಯಾಸವನ್ನೂ ಮಾಡಬಹುದು. ಅಡಿಗೆಕಟ್ಟೆಯನ್ನು ಹಿಡಿದು ಒಂದೊಂದೇ ಕಾಲ ಮೇಲೆ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದನ್ನು ಸೇರಿಸಿ ನಡೆಯುವುದು, ಕೈಯಾಸರೆಯಿಲ್ಲದೆ ಕುರ್ಚಿಯಿಂದ ಏಳುವುದು ಇವು ಸಾಕು. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವ್ಯಾಯಾಮ ಮಾಡುವ ವೃದ್ಧರಲ್ಲಿ ಬೀಳುವ ಪ್ರಮಾಣ ಶೇಕಡಾ 23ರಷ್ಟು ಕಡಿಮೆಯೆಂದು ತಿಳಿದುಬಂತು. ಮೊದಮೊದಲು ಪಕ್ಕದಲ್ಲಿ ಒಬ್ಬರು ಇರಲೇಬೇಕು.

ನನ್ನ ಮಣಿಕಟ್ಟು ಸರಿಹೋಗಿದೆ. ಪಾದದ ನರಗಳು ಸರಿಹೋಗಿಲ್ಲ, ಹೋಗುವುದೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಆದರೂ ದಿನವೂ ಅಡಿಗೆಕಟ್ಟೆಯ ಬಳಿ ಎರಡು ನಿಮಿಷ ಒಂಟಿಕಾಲಿನಲ್ಲಿ ನಿಲ್ಲುತ್ತೇನೆ. ಮನೆಯವಳು ಪಕ್ಕದಲ್ಲಿ ಪಲ್ಯ ಹೆಚ್ಚುತ್ತಾ, “ಧ್ರುವನ ತಪಸ್ಸು ಮುಗಿಯಿತೇ?” ಎಂದು ಕೇಳುತ್ತಾಳೆ. ರಾತ್ರಿ ಮಲಗುವ ಮುನ್ನ ನಡುಮನೆಯ ಚಿಕ್ಕ ದೀಪವನ್ನು ಹಚ್ಚುವ ಕೆಲಸ ನನ್ನದು. ಅದನ್ನು ಹಚ್ಚುವಾಗಲೆಲ್ಲ ತಾಯಿಯವರ ನೆನಪಾಗುತ್ತದೆ. ಓದುಗರ ಮನೆಯಲ್ಲಿ ಇಂದಿನ ರಾತ್ರಿಯಿಂದಲೇ ಅಂಥದೊಂದು ದೀಪ ಉರಿದರೆ ಈ ಲೇಖನವು ಸಾರ್ಥಕವಾದಂತೆ.

ಶ್ರೀಕೃಷ್ಣಾರ್ಪಣಮಸ್ತು.